ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ?



ಈ ಬರಹವನ್ನು ಮುಂದೆ ಓದುವುದಕ್ಕೆ ಮೊದಲು ದಯವಿಟ್ಟು ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಯಾರಾದರೂ ಇದ್ದರೆ, ಕಳೆದ ಒಂದು ವರ್ಷದಲ್ಲಿ ಯಾವ ವೈದ್ಯರಾದರೂ ಅವರ ಕಾಲುಚೀಲ ಬಿಚ್ಚಿಸಿ ಅಂಗಾಲನ್ನು ಮುಟ್ಟಿ ನೋಡಿದ್ದುಂಟೇ ಎಂದು ಅವರನ್ನೇ ಕೇಳಿ. ರಕ್ತ ತೆಗೆದಿರುತ್ತಾರೆ, ಹೃದಯದ ಚಿತ್ರ ಬರೆದಿರುತ್ತಾರೆ, ಮಾತ್ರೆಗಳ ಪಟ್ಟಿಯನ್ನು ಉದ್ದ ಮಾಡಿರುತ್ತಾರೆ. ಆದರೆ ಪಾದವನ್ನು ನೋಡಿದವರು ಯಾರು? ಹತ್ತು ಮನೆಗಳಲ್ಲಿ ಈ ಪ್ರಶ್ನೆ ಕೇಳಿ ನೋಡಿ. ನಾನು ಕೇಳಿದ್ದೇನೆ. ಬಹುತೇಕ ಮನೆಗಳಲ್ಲಿ ಉತ್ತರವಾಗಿ ಬಂದದ್ದು ಮೌನ.

ಬೆಂಗಳೂರಿನ ಕುಮಾರ ಪಾರ್ಕ್ ಬಡಾವಣೆಯನ್ನು ತಾವು ಬಲ್ಲಿರಿ. ಒಂದೆಡೆ ಶೇಷಾದ್ರಿಪುರ, ಇನ್ನೊಂದೆಡೆ ಕುದುರೆ ಪಂದ್ಯದ ಮೈದಾನ, ನಡುವೆ ಶಿವಾನಂದ ವೃತ್ತ, ಗಾಂಧಿ ಭವನ. 1927ರಲ್ಲಿ ಅಧಿಕ ರಕ್ತದೊತ್ತಡದಿಂದ ಕುಸಿದ ಗಾಂಧೀಜಿ ನಂದಿ ಬೆಟ್ಟದಲ್ಲಿ ವಿಶ್ರಮಿಸಿ, ಅನಂತರ ಚೇತರಿಕೆಗಾಗಿ ಬಂದು ತಂಗಿದ್ದು ಇದೇ ಕುಮಾರ ಪಾರ್ಕಿನಲ್ಲಿ. ಇಂದು ಇಲ್ಲಿ ಆಸ್ಪತ್ರೆಗಳಿಗೆ, ಔಷಧದ ಅಂಗಡಿಗಳಿಗೆ, ತಜ್ಞರಿಗೆ ಕೊರತೆಯಿಲ್ಲ. ಮಲ್ಲೇಶ್ವರದ ಕೆ.ಸಿ. ಜನರಲ್ ಸರ್ಕಾರಿ ಆಸ್ಪತ್ರೆಯೂ ದೂರವಿಲ್ಲ. ವೈದ್ಯಕೀಯ ಸೌಕರ್ಯದ ದೃಷ್ಟಿಯಿಂದ ರಾಜ್ಯದಲ್ಲಿ ಇದಕ್ಕಿಂತ ಅದೃಷ್ಟವಂತ ನೆಲ ಬೇರೊಂದು ಇರಲಾರದು.

ಇಂತಹ ಬಡಾವಣೆಯ ಒಂದು ಹಳೆಯ ಮನೆಯಲ್ಲಿ ನನ್ನ ಪರಿಚಯದ ಹಿರಿಯರೊಬ್ಬರಿದ್ದಾರೆ. ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಹದಿನಾಲ್ಕು ವರ್ಷಗಳಿಂದ ಮಧುಮೇಹ. ಮಕ್ಕಳು ಹೊರದೇಶದಲ್ಲಿ. ಅವರೇನೂ ಅಸಡ್ಡೆಯ ಮನುಷ್ಯರಲ್ಲ. ಆರು ತಿಂಗಳಿಗೊಮ್ಮೆ ರಿಯಾಯಿತಿ ದರದ ತಪಾಸಣೆ, ವರ್ಷಕ್ಕೆ ಮೂವರು ತಜ್ಞರ ಭೇಟಿ, ದಿಂಬಿನಷ್ಟು ದಪ್ಪನೆಯ ಕಡತ. ಕಾಲಿನಲ್ಲಿ ಜೋಮು, ರಾತ್ರಿ ಉರಿ ಎಂದು ಹೇಳಿದಾಗಲೆಲ್ಲ 'ನರದ ಮಾತ್ರೆ' ಬರೆದುಕೊಟ್ಟರು. ಒಂದು ಚಳಿಯ ರಾತ್ರಿ ಪಾದ ತಣ್ಣಗಾಗಿದೆಯೆಂದು ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದರು. ಸುಟ್ಟಿದ್ದು ಅವರಿಗೆ ತಿಳಿಯಲಿಲ್ಲ. ನಾಲ್ಕು ದಿನಗಳ ನಂತರ ನೆಲ ಒರೆಸುವಾಕೆ ಹೆಜ್ಜೆಯ ಒದ್ದೆ ಗುರುತು ಕಂಡು ಹೇಳಿದ ಮೇಲೆ ಗಾಯ ಬೆಳಕಿಗೆ ಬಂತು. ಅಷ್ಟರಲ್ಲಿ ಸೋಂಕು ಮೂಳೆಗೆ ಇಳಿದಿತ್ತು. ಎರಡು ಬೆರಳುಗಳು ಹೋದವು. ಶಸ್ತ್ರಚಿಕಿತ್ಸೆಯ ವೆಚ್ಚವನ್ನು ವಿಮಾ ಕಂಪನಿ ಚಕಾರವೆತ್ತದೆ ಭರಿಸಿತು.

ಓದುಗರೇ, ಇಲ್ಲಿ ತುಸು ನಿಲ್ಲೋಣ. ಬೆರಳು ಕತ್ತರಿಸಲು ಹಣವಿತ್ತು. ಬೆರಳನ್ನು ನೋಡಲು ಮಾತ್ರ ಹದಿನಾಲ್ಕು ವರ್ಷಗಳಲ್ಲಿ ಯಾರೂ ಯಾರಿಗೂ ಕಾಸು ಕೊಟ್ಟಿರಲಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ನಾವಾದರೋ ಕೊಡಲಿಗೆ ಮಾತ್ರ ಸಂಬಳ ಕೊಡುವ ವ್ಯವಸ್ಥೆಯನ್ನು ಕಟ್ಟಿಕೊಂಡು ಕುಳಿತಿದ್ದೇವೆ. ನನ್ನ ತಕರಾರು ಇದೇ.

ಮೊದಲು ರೋಗವನ್ನು ಅರಿಯೋಣ. ಮಿದುಳು ಮತ್ತು ಬೆನ್ನುಹುರಿಯಿಂದ ಹೊರಟು ಕೈಕಾಲುಗಳಿಗೆ ಹರಡುವ ನರಗಳು ಹಾಳಾಗುವುದನ್ನು ವೈದ್ಯರು ಪೆರಿಫೆರಲ್ ನ್ಯೂರೋಪತಿ ಎನ್ನುತ್ತಾರೆ. ಅತಿ ಉದ್ದದ ನರಗಳು ಮೊದಲು ಸೊರಗುವುದರಿಂದ ಬೇನೆ ಕಾಲ್ಬೆರಳಿನಿಂದ ಆರಂಭವಾಗಿ ಕಾಲುಚೀಲ ತೊಟ್ಟಂತೆ ಮೇಲೇರುತ್ತದೆ. ಕೆಲವರಿಗೆ ಉರಿ, ಚುಚ್ಚು, ರಾತ್ರಿಯ ನಿದ್ರಾಭಂಗ. ಕೆಲವರಿಗೆ ಏನೂ ಇಲ್ಲ, ಬರಿಯ ಮರಗಟ್ಟುವಿಕೆ. ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ದೂರು ಹೇಳದ ರೋಗಿಯನ್ನು ಯಾರೂ ನೋಡುವುದಿಲ್ಲ. ಮಧುಮೇಹ ಇದರ ಮುಖ್ಯ ಕಾರಣ. ಬಿ12 ಜೀವಸತ್ವದ ಕೊರತೆ, ಮದ್ಯಪಾನ, ಕುಷ್ಠರೋಗ, ಮೂತ್ರಪಿಂಡದ ವೈಫಲ್ಯ, ಥೈರಾಯ್ಡಿನ ಕೊರತೆ, ಕ್ಯಾನ್ಸರಿನ ಕೆಲವು ಔಷಧಗಳು ಇತರ ಕಾರಣಗಳು. ಸಕ್ಕರೆ ಕಾಯಿಲೆಗೆ ಬಹುಮಂದಿ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯೇ ದೀರ್ಘಕಾಲದಲ್ಲಿ ಬಿ12 ಅಂಶವನ್ನು ತಗ್ಗಿಸಬಲ್ಲುದು ಎಂಬುದನ್ನು ಎಷ್ಟು ಜನರಿಗೆ ತಿಳಿಸಲಾಗಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು, ವಯಸ್ಕರಲ್ಲಿ ಇದರ ಪ್ರಮಾಣ ಶೇಕಡ 11.4 ಎಂದು ಅಂದಾಜು ಮಾಡಿದೆ. ಆದುದರಿಂದ ಇದು ಯಾರದೋ ಮನೆಯ ಕಥೆಯಲ್ಲ.

ನೋವಿಲ್ಲದಿರುವುದು ಎಂತಹ ವಿಪತ್ತು ಎಂಬುದನ್ನು ಜಗತ್ತಿಗೆ ಕಲಿಸಿದ್ದು ನಮ್ಮ ನೆರೆಯ ವೆಲ್ಲೂರು. ತಮಿಳುನಾಡಿನ ಕೊಲ್ಲಿ ಮಲೆಯಲ್ಲಿ 1914ರಲ್ಲಿ ಮಿಷನರಿ ದಂಪತಿಗಳಿಗೆ ಜನಿಸಿದ ಡಾ. ಪಾಲ್ ಬ್ರ್ಯಾಂಡ್, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜನ್ನು ಸೇರಿದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಎಲ್ಲರೂ ನಂಬಿದ್ದ ಕಾಲವದು. ನರ ಸತ್ತು ನೋವಿನ ಅರಿವು ಹೋದುದರಿಂದ, ಗಮನಕ್ಕೆ ಬಾರದ ಸುಟ್ಟಗಾಯ, ಕೊಯ್ತ, ಒತ್ತಡಗಳಿಂದಲೇ ಬೆರಳುಗಳು ನಷ್ಟವಾಗುತ್ತವೆ ಎಂದು ಅವರು ತೋರಿಸಿಕೊಟ್ಟರು. ಮುಂದೆ ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿದ್ದಾಗ ಇದೇ ಪಾಠವನ್ನು ಮಧುಮೇಹಿಗಳ ಪಾದಕ್ಕೆ ಅನ್ವಯಿಸಿದರು. ದಿನವೂ ಪಾದ ನೋಡು, ಮೃದುವಾದ ಪಾದರಕ್ಷೆ ತೊಡು, ಗಾಯವಾದರೆ ಭಾರ ಹಾಕಬೇಡ: ಇಷ್ಟೇ ಅವರ ಉಪದೇಶ. ಕುಷ್ಠರೋಗಿಗೆ ಈ ಆರೈಕೆಯನ್ನು ಕಲಿಸಿದ ಸಂಸ್ಥೆಗಳು ನಮ್ಮ ನಾಡಿನಲ್ಲಿಯೂ ಇವೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯನ್ನು ನೀವು ಬಲ್ಲಿರಿ. ಬೀದಿಯ ಕುಷ್ಠರೋಗಿಗೆ ದೊರೆತ ಈ ಜ್ಞಾನವು ಬಂಗಲೆಯ ಮಧುಮೇಹಿಗೆ ಏಕೆ ದೊರೆಯಲಿಲ್ಲ?

ದುಬಾರಿಯಾದುದರಿಂದ ಎನ್ನುವಿರಾ? ಅಂಗಾಲಿಗೆ ಒತ್ತಿ ಸ್ಪರ್ಶಜ್ಞಾನ ಪರೀಕ್ಷಿಸುವ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದಕ್ಕೆ ಕೆಲವೇ ನೂರು ರೂಪಾಯಿ. ಕಂಪನದ ಅರಿವನ್ನು ನೋಡಲು 128 ಹರ್ಟ್ಸ್‌ನ ಶ್ರುತಿಕವಲು, ಹಿಮ್ಮಡಿಯ ಮೇಲೆ ತಟ್ಟಲು ರಬ್ಬರಿನ ಸುತ್ತಿಗೆ. ಪರೀಕ್ಷೆಗೆ ಐದು ನಿಮಿಷ ಸಾಕು. ಮಧುಮೇಹಿಗಳಲ್ಲಿ ಕಾಲು ಕತ್ತರಿಸಬೇಕಾದ ಹತ್ತು ಪ್ರಕರಣಗಳಲ್ಲಿ ಎಂಟಕ್ಕೂ ಹೆಚ್ಚಿನವು ಒಂದು ಸಣ್ಣ ಹುಣ್ಣಿನಿಂದ ಆರಂಭವಾಗುತ್ತವೆ ಎಂಬುದು 1990ರಿಂದಲೇ ವೈದ್ಯರಿಗೆ ತಿಳಿದ ಸಂಗತಿ.

ಚಿಕಿತ್ಸೆಯ ವಿಷಯದಲ್ಲಿಯೂ ಮುಚ್ಚುಮರೆ ಬೇಡ. ಸತ್ತ ನರವನ್ನು ಹೊಸದಾಗಿಸುವ ಮಾತ್ರೆ ಇಲ್ಲ. ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರೆಗಾಬಲಿನ್, ಗ್ಯಾಬಪೆಂಟಿನ್ ಮುಂತಾದವು ಉರಿಯನ್ನು ತಗ್ಗಿಸುತ್ತವೆ, ಅದೂ ಎಲ್ಲರಲ್ಲಿ ಅಲ್ಲ. ಇವುಗಳನ್ನು ಅಲ್ಪ ಪ್ರಮಾಣದಿಂದ ಆರಂಭಿಸಿ, ವಾರಗಟ್ಟಲೆ ಗಮನಿಸಿ, ಏರಿಸಬೇಕು ಇಲ್ಲವೇ ಬದಲಿಸಬೇಕು. ಮೂತ್ರ ಕಟ್ಟುವ ತೊಂದರೆಯಿರುವ ವೃದ್ಧರಿಗೆ ಮೊದಲನೆಯದು ಹಿಡಿಸದು. ಮೂತ್ರಪಿಂಡ ದುರ್ಬಲವಾದವರಿಗೆ ಕೊನೆಯ ಎರಡರ ಪ್ರಮಾಣವನ್ನು ಇಳಿಸಬೇಕು. ತಲೆ ತಿರುಗಿ ಬಿದ್ದರೆ ಸೊಂಟ ಮುರಿದೀತು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ನರಗಳು ಉಳಿಯುತ್ತವೆಯೇ? ಚಿಕ್ಕಂದಿನಲ್ಲಿ ಬರುವ ಮೊದಲ ಬಗೆಯ ಮಧುಮೇಹದಲ್ಲಿ ಬಿಗಿಯಾದ ಹತೋಟಿಯಿಂದ ನರಬೇನೆಯ ಸಂಭವ ಸುಮಾರು ಶೇಕಡ 60ರಷ್ಟು ತಗ್ಗಿತೆಂದು 1993ರ ಅಮೆರಿಕದ ಅಧ್ಯಯನ ಸಾರಿತು. ನಡುವಯಸ್ಸಿನ ಎರಡನೆಯ ಬಗೆಯಲ್ಲಿ ಲಾಭ ಅಷ್ಟಿಲ್ಲ. ಆದುದರಿಂದಲೇ ಪಾದದ ಕಾವಲು ಇನ್ನಷ್ಟು ಅಗತ್ಯ. ಇವೆಲ್ಲವನ್ನು ಒಟ್ಟಾಗಿ ನೋಡಿದರೆ ತಿಳಿಯುವುದೇನು? ಈ ಬೇನೆಗೆ ಬೇಕಾದುದು ರೋಗಿಯನ್ನು ವರ್ಷಾನುವರ್ಷ ಬಲ್ಲ ಒಬ್ಬ ವೈದ್ಯ. ಮೂವರು ತಜ್ಞರು ಮೂರು ಚೀಟಿ ಬರೆದರೆ ಆ ಮೂರನ್ನೂ ಒಟ್ಟಿಗೆ ಓದುವವರು ಬೇಡವೇ?

ಹಾಗಾದರೆ ನಮ್ಮ ಹಣ ಎಲ್ಲಿಗೆ ಹೋಗುತ್ತಿದೆ? 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ವೆಚ್ಚ ಭರಿಸುವ ಭರವಸೆ ನೀಡಿತು. ಖಾಸಗಿ ವಿಮೆಯಲ್ಲಿ ಬಹುಪಾಲು ರೋಗಿ ಹಾಸಿಗೆ ಹಿಡಿದ ಮೇಲೆಯೇ ಕಣ್ಣು ತೆರೆಯುತ್ತದೆ. ನಮ್ಮ ಹೆಮ್ಮೆಯ ಯಶಸ್ವಿನಿಯನ್ನೇ ನೋಡಿ. 2002ರಲ್ಲಿ ಘೋಷಣೆಯಾಗಿ 2003ರ ಜೂನ್‌ನಿಂದ ಜಾರಿಗೆ ಬಂದ ಆ ಯೋಜನೆಯಲ್ಲಿ ಸಹಕಾರ ಸಂಘದ ರೈತ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕೊಟ್ಟ. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಹೃದಯದ ಶಸ್ತ್ರಚಿಕಿತ್ಸೆ ಹಳ್ಳಿಗನಿಗೆ ಎಟುಕಿತು. ಅದು ದೊಡ್ಡ ಸಾಧನೆ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಅದರ ತಿರುಳು ಶಸ್ತ್ರಚಿಕಿತ್ಸೆಯೇ ಆಗಿತ್ತು. ವರ್ಷಪೂರ್ತಿ ಪಾದ ನೋಡುವ ದಾದಿಗೆ, ಮಾತ್ರೆ ಹೊಂದಿಸುವ ವೈದ್ಯನಿಗೆ ಅದರ ಲೆಕ್ಕದ ಪುಸ್ತಕದಲ್ಲಿ ಸ್ಥಾನವಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ನೀತಿ ಇದು.

ಆದರೂ ಯಶಸ್ವಿನಿ ಒಂದು ಸತ್ಯವನ್ನು ಸಾಬೀತು ಮಾಡಿತು: ಬಹಳ ಜನ ಸ್ವಲ್ಪ ಸ್ವಲ್ಪ ಕೊಟ್ಟರೆ ಯಾರೊಬ್ಬರಿಂದಲೂ ಆಗದುದು ಆಗುತ್ತದೆ. ಇದೇ ತತ್ತ್ವವನ್ನು ಬಾಗಿಲು ಕಾಯುವುದಕ್ಕೂ ಬಳಸೋಣ ಎಂಬುದು ನನ್ನ ವಾದ. ಬಡಾವಣೆಯ ಕುಟುಂಬಗಳು ಸದಸ್ಯರಾಗಿ ತಿಂಗಳ ವಂತಿಗೆ ಕೊಡಲಿ. ಒಬ್ಬ ವೈದ್ಯ, ಒಬ್ಬ ದಾದಿ ಆ ಕುಟುಂಬಗಳನ್ನು ವರ್ಷವಿಡೀ ನೋಡಿಕೊಳ್ಳಲಿ. ಭೇಟಿಗೆ ಪ್ರತ್ಯೇಕ ಶುಲ್ಕ ಬೇಡ. ಇದು ಅಮೆರಿಕದಿಂದ ಬಂದ ಹೊಸ ಷೋಕಿ ಎಂದು ಮೂಗು ಮುರಿಯಬೇಡಿ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ 1948ರಿಂದಲೂ ಪ್ರತಿ ನಾಗರಿಕನ ಹೆಸರು ಒಬ್ಬ ಕುಟುಂಬ ವೈದ್ಯರ ಪಟ್ಟಿಯಲ್ಲಿರುತ್ತದೆ, ವೈದ್ಯರಿಗೆ ತಲೆಯೆಣಿಕೆಯ ಮೇಲೆ ಹಣ ಸಲ್ಲುತ್ತದೆ. ನಮ್ಮಲ್ಲೇ 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಆರಂಭವಾದ ನೌಕರರ ರಾಜ್ಯ ವಿಮೆಯಲ್ಲಿ ಕಾರ್ಮಿಕನ ವಂತಿಗೆಯಿಂದಲೇ ಔಷಧಾಲಯ ನಡೆಯುತ್ತದೆ. 2019ರ ಜುಲೈಯಲ್ಲಿ ಆ ವಂತಿಗೆಯನ್ನು ಕಾರ್ಮಿಕನಿಗೆ ವೇತನದ ಶೇಕಡ 0.75, ಮಾಲೀಕನಿಗೆ ಶೇಕಡ 3.25 ಎಂದು ಇಳಿಸಲಾಯಿತು. 1954ರಲ್ಲಿ ಆರಂಭವಾದ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಅಧಿಕಾರಿಗಳು ತಿಂಗಳ ವಂತಿಗೆ ಕೊಟ್ಟು ಹತ್ತಿರದ ಚಿಕಿತ್ಸಾಲಯದ ಸದಸ್ಯರಾಗುತ್ತಾರೆ. ಸರ್ಕಾರವು ತನ್ನ ನೌಕರರಿಗೆ ಒಳ್ಳೆಯದೆಂದು ಬಗೆದದ್ದು ಉಳಿದವರಿಗೆ ಏಕೆ ಬೇಡ?

ಲೆಕ್ಕ ಹಾಕಿ ನೋಡೋಣ. 600 ಕುಟುಂಬಗಳು ತಿಂಗಳಿಗೆ 250 ರೂಪಾಯಿ ಕೊಟ್ಟರೆ 1,50,000 ರೂಪಾಯಿ. ಯಾವುದಾದರೂ ಸಂಘದ ಇಲ್ಲವೇ ದೇವಾಲಯದ ಕೋಣೆಯೊಂದು ಬಾಡಿಗೆಯಿಲ್ಲದೆ ದೊರೆತರೆ, ಒಬ್ಬ ವೈದ್ಯ ಮತ್ತು ಒಬ್ಬ ದಾದಿಯ ಸಂಬಳಕ್ಕೆ ಇದು ಆರಂಭ. ಈ ಕುಟುಂಬಗಳಲ್ಲಿ ಸುಮಾರು 200 ಮಧುಮೇಹಿಗಳಿದ್ದಾರೆ ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬರನ್ನೂ ವರ್ಷಕ್ಕೆ ನಾಲ್ಕು ಬಾರಿ, ಬಾರಿಗೆ 20 ನಿಮಿಷದಂತೆ, ಕಾಲುಚೀಲ ಬಿಚ್ಚಿಸಿ ನೋಡಿದರೂ ದಿನಕ್ಕೆ ಒಂದು ಗಂಟೆಯೂ ಹಿಡಿಯುವುದಿಲ್ಲ. ಅಸಾಧ್ಯವಾದುದು ಇದರಲ್ಲಿ ಏನಿದೆ?

ಈಗ ಆಕ್ಷೇಪಗಳನ್ನು ಎದುರಿಸೋಣ. ಮೊದಲನೆಯದು ಗಂಭೀರವಾದದ್ದು: ಸದಸ್ಯತ್ವವೆಂದರೆ ಉಳ್ಳವರ ಕ್ಲಬ್ಬು, ಕಾರು ಇರುವವನಿಗೆ ವೈದ್ಯ, ಆ ಕಾರು ತೊಳೆಯುವವನಿಗೆ ಸರದಿ. ಈ ಭಯ ನಿಜ. ವರ್ಷಕ್ಕೆ ಹತ್ತಾರು ಸಾವಿರ ಪಡೆದು ಮೃದು ಆಸನ, ಕಾಫಿ, ದೂರವಾಣಿಯಲ್ಲಿ ನಯವಾದ ಮಾತು ಮಾರುವ ಸದಸ್ಯತ್ವವನ್ನು ನಾನು ಸಮರ್ಥಿಸಲಾರೆ. ಆದರೆ ಮೇಲಿನ ಲೆಕ್ಕವನ್ನೇ ಮತ್ತೆ ನೋಡಿ. 600ರಲ್ಲಿ 60 ಕುಟುಂಬಗಳಿಂದ ಏನನ್ನೂ ಪಡೆಯದೆ, ಉಳಿದ 540 ಕುಟುಂಬಗಳು ತಲಾ 280 ರೂಪಾಯಿ ಕೊಟ್ಟರೆ ಮೊತ್ತ 1,51,200. ಅಂದರೆ ತಿಂಗಳಿಗೆ 30 ರೂಪಾಯಿ ಹೆಚ್ಚು ಕೊಟ್ಟು ಹತ್ತರಲ್ಲೊಂದು ಬಡ ಮನೆಯನ್ನು ಸಮಾನ ಸದಸ್ಯರನ್ನಾಗಿ ಕೂರಿಸಿಕೊಳ್ಳಬಹುದು. ನೆನಪಿರಲಿ, ಆ ಹಿರಿಯರ ಗಾಯವನ್ನು ಮೊದಲು ಕಂಡವಳು ನೆಲ ಒರೆಸುವಾಕೆ. ಅವಳ ಪಾದವನ್ನು ನೋಡುವವರು ಯಾರು? ಅವಳ ಹೆಸರು ಪಟ್ಟಿಯಲ್ಲಿಲ್ಲದ ಸದಸ್ಯತ್ವಕ್ಕೆ ನನ್ನ ಒಪ್ಪಿಗೆಯಿಲ್ಲ.

ಎರಡನೆಯದು: ಸರ್ಕಾರವೇ ಉಚಿತವಾಗಿ ನೋಡಬೇಕಲ್ಲವೇ? ಖಂಡಿತ ನೋಡಬೇಕು. 2022ರ ಡಿಸೆಂಬರ್‌ನಿಂದ ನಗರಗಳಲ್ಲಿ ನಮ್ಮ ಕ್ಲಿನಿಕ್‌ಗಳು ತೆರೆದಿವೆ. ಸಲಹೆ, ಔಷಧ, ಕೆಲವು ಪರೀಕ್ಷೆಗಳು ಅಲ್ಲಿ ಉಚಿತ. ಬೆಂಗಳೂರಿನಲ್ಲಿ ಸರ್ಕಾರದ ಕರ್ನಾಟಕ ಎಂಡೋಕ್ರಿನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪಾದ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ಇವುಗಳನ್ನು ಬಳಸಿ, ಬೆಳೆಸಿ. ಆದರೆ ಬಂದವರನ್ನು ನೋಡುವ ಚಿಕಿತ್ಸಾಲಯಕ್ಕೂ, ಬಾರದವರನ್ನು ಹುಡುಕಿ ಕರೆಯುವ ಚಿಕಿತ್ಸಾಲಯಕ್ಕೂ ವ್ಯತ್ಯಾಸವಿದೆ. ನರಬೇನೆಯ ರೋಗಿ ನೋವಿಲ್ಲದುದರಿಂದ ಬರುವುದೇ ಇಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ತಾನೇ 'ಮೂರು ತಿಂಗಳಾಯಿತು, ಏಕೆ ಬರಲಿಲ್ಲ?' ಎಂದು ಕೇಳಲು ಸಾಧ್ಯ? ಸರ್ಕಾರವು ತನ್ನ ಕ್ಲಿನಿಕ್‌ಗಳಲ್ಲಿಯೇ ಹೀಗೆ ಹೆಸರು ನೋಂದಾಯಿಸಿ, ಒಬ್ಬನೇ ವೈದ್ಯನನ್ನು ವರ್ಷಗಟ್ಟಲೆ ಉಳಿಸಿದ ದಿನ ನಾನು ನನ್ನ ವಾದವನ್ನು ಸಂತೋಷದಿಂದ ಹಿಂದೆಗೆದುಕೊಳ್ಳುವೆ. ಆ ದಿನದವರೆಗೆ ಕಾಯುವಷ್ಟು ತಾಳ್ಮೆ ಹುಣ್ಣಿಗೆ ಇರುವುದಿಲ್ಲ.

ಮೂರನೆಯದು: ಹಣ ಮೊದಲೇ ಕೈಸೇರಿದರೆ ವೈದ್ಯ ಸೋಮಾರಿಯಾಗನೇ? ಆಗಬಹುದು. ಭೇಟಿಗಿಷ್ಟು ಎಂದು ಪಡೆಯುವವನು ಅನಗತ್ಯವಾಗಿ ಕರೆಸುವಂತೆ, ತಿಂಗಳಿಗಿಷ್ಟು ಎಂದು ಪಡೆಯುವವನು ಅಗತ್ಯವಿದ್ದಾಗಲೂ ದೂರವಿಡಬಹುದು. ಮನುಷ್ಯಸ್ವಭಾವಕ್ಕೆ ಔಷಧವಿಲ್ಲ, ಲೆಕ್ಕಪರಿಶೋಧನೆಯಿದೆ. ಸದಸ್ಯರ ಸಭೆಯಲ್ಲಿ ವರ್ಷಕ್ಕೊಮ್ಮೆ ಎರಡೇ ಪ್ರಶ್ನೆ ಕೇಳಲಿ: ಎಷ್ಟು ಮಧುಮೇಹಿಗಳ ಪಾದ ನೋಡಿದಿರಿ? ಎಷ್ಟು ಮಂದಿಗೆ ಹುಣ್ಣಾಯಿತು? ಬೇರೆ ಯಾವ ಆಸ್ಪತ್ರೆಯೂ ಈ ಲೆಕ್ಕವನ್ನು ನಿಮಗೆ ಒಪ್ಪಿಸುವುದಿಲ್ಲ. ಒಬ್ಬನೇ ವೈದ್ಯನ ದೀರ್ಘ ಪರಿಚಯದಿಂದ ಆಗುವ ಲಾಭವೂ ಬರಿಯ ಭಾವುಕತೆಯಲ್ಲ. 2018ರಲ್ಲಿ ಬ್ರಿಟನ್ನಿನ ವೈದ್ಯರು ಜಗತ್ತಿನ ಹಲವೆಡೆಯ 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅವುಗಳಲ್ಲಿ 18 ಇಂತಹ ನಿರಂತರತೆಯಿರುವಲ್ಲಿ ಸಾವುಗಳು ಕಡಿಮೆಯೆಂದು ಹೇಳಿದ್ದವು.

ಇನ್ನು ಎಚ್ಚರಿಕೆಯ ಮಾತು. ಸದಸ್ಯತ್ವ ಎಂಬ ಹೆಸರಿನಲ್ಲಿ ಬರುವುದೆಲ್ಲವೂ ಸದಸ್ಯತ್ವವಲ್ಲ. 'ನರ ಪುನಶ್ಚೇತನ'ದ ಯಂತ್ರಕ್ಕೆ ಕಾಲು ಒಡ್ಡಿಸಿ ಇಪ್ಪತ್ತು ಬಾರಿಯ ಹಣವನ್ನು ಮುಂಗಡ ಕೇಳುವವರನ್ನು ನಂಬಬೇಡಿ. ಬಿ12 ಅಂಶವನ್ನು ಅಳೆಯದೆ ವಾರವಾರವೂ ಚುಚ್ಚುವವರನ್ನು ಏಕೆಂದು ಕೇಳಿ. ಪರೀಕ್ಷೆಗಳ ರಿಯಾಯಿತಿ ಚೀಟಿಯನ್ನೇ ಆರೈಕೆಯೆಂದು ಮಾರುವವರಿಗೆ ಕೈಮುಗಿದು ಹಿಂತಿರುಗಿ. ಸೇರುವ ಮುನ್ನ ಕೇಳಬೇಕಾದುದು ಇಷ್ಟು: ಪ್ರತಿ ಬಾರಿಯೂ ಅದೇ ವೈದ್ಯರೇ ನೋಡುವರೇ? ನೈಲಾನ್ ಎಳೆ ಮೇಜಿನ ಮೇಲಿದೆಯೇ? ದಾಖಲೆ ನನ್ನ ಕೈಯಲ್ಲಿರುವುದೇ? ಔಷಧ ಕಂಪನಿಯಿಂದಾಗಲಿ ಪ್ರಯೋಗಾಲಯದಿಂದಾಗಲಿ ನಿಮಗೆ ಪಾಲು ಬರುವುದೇ? ಕೊನೆಯ ಪ್ರಶ್ನೆಗೆ ಸಿಟ್ಟು ಬಂದರೆ ನಿಮಗೆ ಉತ್ತರ ದೊರೆತಂತೆ.

ಓದುಗರೇ, ವರ್ಷಕ್ಕೊಮ್ಮೆ ಪವಿತ್ರ ಗುರುವಾರದಂದು ಹನ್ನೆರಡು ಜನರ ಪಾದ ತೊಳೆಯುವುದನ್ನು ಭಕ್ತಿಯಿಂದ ನೋಡುತ್ತೇವೆ. ಉಳಿದ ದಿನಗಳಲ್ಲಿ ನಮ್ಮ ತಂದೆಯ, ಅತ್ತೆಯ, ಮನೆಗೆಲಸದವಳ ಪಾದವನ್ನು ನೋಡಲು ನಮಗೆ ಸಂಕೋಚ. ಆ ಸಂಕೋಚವನ್ನು ಇಂದೇ ಬಿಡೋಣ. ವೈದ್ಯ ದೊರೆಯುವವರೆಗೂ ಕಾಯಬೇಕಾಗಿಲ್ಲ. ಇಂದು ರಾತ್ರಿ ದೀಪ ಹಚ್ಚಿ, ಅಂಗಾಲು ನೋಡಿ, ಬೆರಳ ಸಂದುಗಳನ್ನು ನೋಡಿ. ಅವರಿಗೆ ಬಗ್ಗಲಾಗದಿದ್ದರೆ ನೆಲದ ಮೇಲೊಂದು ಕನ್ನಡಿ ಇಡಿ. ಬರಿಗಾಲಿನಲ್ಲಿ ನಡೆಯಬೇಡಿರೆಂದು, ಬಿಸಿನೀರಿನಲ್ಲಿ ಕಾಲು ಅದ್ದಬೇಡಿರೆಂದು, ಆಣಿಯನ್ನು ಬ್ಲೇಡಿನಿಂದ ಕೆರೆಯಬೇಡಿರೆಂದು ಹೇಳಿ. ಚಪ್ಪಲಿ ತೊಡುವ ಮುನ್ನ ಒಳಗೆ ಕೈಯಾಡಿಸಲಿ. ಗುಳ್ಳೆ, ಬಣ್ಣಗೆಟ್ಟ ಚರ್ಮ, ಒಸರು, ಒಂದು ಕಾಲಿನಲ್ಲಿ ಮಾತ್ರ ಬಿಸಿ ಅಥವಾ ಊತ ಕಂಡರೆ ನೋವಿಲ್ಲವೆಂದು ಸುಮ್ಮನಿರದೆ ಅದೇ ದಿನ ವೈದ್ಯರ ಬಳಿ ಹೋಗಿ. ನೋವಿಲ್ಲದಿರುವುದೇ ಅಲ್ಲಿ ಅಪಾಯದ ಗಂಟೆ.

ಮುಂದಿನ ಭಾನುವಾರ ನೆರೆಯ ಹತ್ತು ಮನೆಯವರನ್ನು ಕೂಡಿಸಿ ಈ ಲೆಕ್ಕವನ್ನು ಅವರ ಮುಂದಿಡಿ. ಅರುನೂರು ಆಗಲಿಕ್ಕೆ ಹತ್ತರಿಂದಲೇ ಆರಂಭವಾಗಬೇಕು. ಆ ಹಿರಿಯರು ಈಗ ಪ್ರತಿ ರಾತ್ರಿ ಕನ್ನಡಿ ಹಿಡಿದು ಪಾದ ನೋಡಿಕೊಳ್ಳುತ್ತಾರೆ. ಎಂಟು ಬೆರಳುಗಳನ್ನು ಎಣಿಸಿ ಮಲಗುತ್ತಾರೆ. ನಿಮ್ಮ ಮನೆಯಲ್ಲಿ ಹತ್ತು ಇರುವಾಗಲೇ ಎಣಿಸಲು ತೊಡಗಿ.